ತೊಗರಿ ನಾಡಿನ ಹೊಗೆಗೊಳವೆ

ಕಲಬುರಗಿಯಿಂದ ಆಳಂದಕ್ಕೆ ಹೋಗಿ, ಅಫಜಲಪುರಕ್ಕೆ ಹೋಗಿ, ಕಟ್ಟಿಸಂಗಾವಿಯ ಬಳಿ ಭೀಮಾ ನದಿ ದಾಟಿ ಜೇವರ್ಗಿಗೆ ಹೋಗಿ. ರಾಶಿ ಮುಗಿದ ಮೇಲೆ ಹಳ್ಳಿಯ ಮನೆಗಳ ಮಗ್ಗುಲಲ್ಲಿ ಕಾಣುವುದು ಒಟ್ಟಿದ ತೊಗರಿ ಕಟ್ಟಿಗೆ. ಗ್ಯಾಸ್ ಬಂದಿದ್ದರೂ ಜೋಳದ ರೊಟ್ಟಿಗೆ ಇದರ ಉರಿಯೇ ಬೇಕೆನ್ನುವ ಮನೆಗಳು ಇನ್ನೂ ಉಂಟು.

ದೇವಲಗಾಣಗಾಪುರದ ಹಾದಿಯ ಹಳ್ಳಿಯೊಂದರಲ್ಲಿ ಹೊಗೆಗೊಳವೆಯ ಒಲೆ ಕಂಡೆ. ಈ ಬಗೆಯಲ್ಲಿ ಹೆಸರಾದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡು, 1980ರ ದಶಕದಲ್ಲಿ ರಾಜ್ಯದ ಹಳ್ಳಿಗಳಿಗೆ ಹೋದ ‘ಅಸ್ತ್ರ ಒಲೆ’. ಆದರೆ ಈ ಮನೆಯ ಪಡಸಾಲೆಯಲ್ಲಿ ಓದುತ್ತಿದ್ದ ಹುಡುಗಿ ಕಣ್ಣೊರೆಸಿಕೊಳ್ಳುತ್ತಿದ್ದಳು. “ಒಲಿ ಕೆಟ್ಟದರಿ, ಒಡದು ಹಾಕಬೇಕಂತ ಮಾಡೀವ್ರಿ” ಎಂದರು ತಾಯಿ, ಕೆಮ್ಮುತ್ತಲೇ.

ಒಲೆ ಕೆಟ್ಟಿರಲಿಲ್ಲ. ಕೊಳವೆಯೊಳಗೆ ಮಸಿ ಕಟ್ಟಿ ಹೊಗೆ ಮೇಲೇರುವ ದಾರಿಯೇ ಮುಚ್ಚಿತ್ತು. ಒಲೆ ಪೂರ್ತಿ ಆರಿದ ಮೇಲೆ ಮನೆಯ ಯಜಮಾನರು ಉದ್ದನೆಯ ಕೋಲಿಗೆ ಗೋಣಿ ಸುತ್ತಿ ಮಾಳಿಗೆಯಿಂದ ಇಳಿಸಿದರು. ಬುಟ್ಟಿ ತುಂಬ ಮಸಿ ಬಿತ್ತು! ಮರುದಿನ ಹೊಗೆ ಅಡುಗೆಮನೆ ಬಿಟ್ಟು ಆಕಾಶಕ್ಕೆ ಹೋಯಿತು.

ಲೆಕ್ಕ ಸುಲಭ. ಬೂದಿ ತೆಗೆಯುವುದು ದಿನಾ ಬೆಳಿಗ್ಗೆ, ಒಲೆಯ ಒಳದಾರಿ ಕೆರೆಯುವುದು ವಾರಕ್ಕೊಮ್ಮೆ, ಕೊಳವೆ ಬಳಿಯುವುದು ತಿಂಗಳಿಗೊಮ್ಮೆ. ಮಳೆಗಾಲದಲ್ಲಿ ಕಟ್ಟಿಗೆ ತೇವವಾದರೆ ಮಸಿ ಬೇಗ ಕಟ್ಟುತ್ತದೆ. ಆಗ ಹದಿನೈದು ದಿನಕ್ಕೊಮ್ಮೆ.

ಮಕ್ಕಳೇ, ಗುರುತಿಗೆ ಅಮಾವಾಸ್ಯೆ ಇದೆಯಲ್ಲ, ಅಂದು ಮನೆಯ ಹಿರಿಯರಿಗೆ ನೆನಪು ಮಾಡಿ. ರೊಟ್ಟಿ ಎಲ್ಲರಿಗೂ ಬೇಕು. ಹೊಗೆ ಮಾತ್ರ ಅವ್ವನೊಬ್ಬಳ ಪಾಲಾಗಬಾರದು.