ಸೈಕಲ್ಲಿನ ಚೌಕಟ್ಟು, ಖಾತರಿಯ ಮಾತು

ನಮ್ಮ ಭಾಗದ ರೈತರು ಸಂತೆಯಲ್ಲಿ ಎತ್ತು ಕೊಳ್ಳುವಾಗ ಕೊಂಬಿನ ಬಣ್ಣಕ್ಕೆ ಮರುಳಾಗುವುದಿಲ್ಲ. ಬಾಯಿ ತೆರೆಸಿ ಹಲ್ಲು ನೋಡುತ್ತಾರೆ, ಗೊರಸು ಪರೀಕ್ಷಿಸುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ. ಮಾರುವವನ ಮಾತಿಗೆ ಕಿವಿಗೊಡುವುದು ಆಮೇಲೆ. ಇದೇ ವಿವೇಕವನ್ನು ಮಕ್ಕಳಿಗೆ ಸೈಕಲ್ ಕೊಡಿಸುವಾಗಲೂ ನಾವು ಉಳಿಸಿಕೊಳ್ಳಬೇಕಲ್ಲವೇ?

ಗೊರೇಬಾಳದ ನಮ್ಮ ಮನೆಯಲ್ಲಿ ಬೆಳೆಯುತ್ತಿರುವ ನನ್ನ ತಂಗಿಯ ಮಗನಿಗೆ ಹದಿನಾರು ವರ್ಷ. ಮೊಬೈಲಿನಲ್ಲಿ ನೋಡಿ ನೋಡಿ ಅವನಿಗೆ ಫ್ಲಾಟ್‌ಲ್ಯಾಂಡ್ ಬಿಎಂಎಕ್ಸ್ ಎಂಬ ಆಟದ ಗೀಳು ಹತ್ತಿತು. 20 ಅಂಗುಲದ ಗಾಲಿಗಳುಳ್ಳ ಚಿಕ್ಕ ಸೈಕಲ್ಲಿನ ಅಚ್ಚಿಗೆ ಗೂಟಗಳನ್ನು ಜೋಡಿಸಿ, ಅವುಗಳ ಮೇಲೆ ನಿಂತು, ಒಂದೇ ಗಾಲಿಯ ಮೇಲೆ ಸುತ್ತುತ್ತ ಸಮತೋಲ ಸಾಧಿಸುವ ಆಟವಿದು. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹುಡುಗರು ಮಣ್ಣಿನ ಹಾದಿಗಳಲ್ಲಿ ಓಡಿಸುತ್ತಿದ್ದ ಬಿಎಂಎಕ್ಸ್ ಸೈಕಲ್ಲಿನಿಂದ ಕವಲೊಡೆದ ಈ ಕಲೆಗೆ 2019ರಲ್ಲಿ ಚೀನಾದ ಚೆಂಗ್ಡು ನಗರದಲ್ಲಿ ವಿಶ್ವ ಚಾಂಪಿಯನ್‌ಷಿಪ್ ಕೂಡ ನಡೆಯಿತು. ಇದಕ್ಕೆ ದಿಬ್ಬ ಬೇಡ, ಇಳಿಜಾರು ಬೇಡ. ನುಣುಪಾದ ಸಮನೆಲ ಸಾಕು. ಎರೆಮಣ್ಣಿನ ನಮ್ಮ ಊರಿನಲ್ಲಿ ಅಂಥ ನೆಲವೆಂದರೆ ಭತ್ತ ಒಣಗಿಸುವ ಸಿಮೆಂಟಿನ ಕಣ. ಸುಗ್ಗಿ ಮುಗಿದ ಮೇಲೆ ಅದು ಹುಡುಗರದೇ. "ಕುಂತು ಹೊಡಿಯೋ ಸೈಕಲ್ಲಿನ ಮ್ಯಾಲ ನಿಂದರೋದು ಯಾಕಪ್ಪಾ?" ಎಂದು ನಮ್ಮ ತಾಯಿಯವರು ಕೇಳಿದ ಪ್ರಶ್ನೆಗೆ ಮೊಮ್ಮಗ ನಕ್ಕನೇ ಹೊರತು ಉತ್ತರ ಕೊಡಲಿಲ್ಲ.

ಆದರೆ ನನ್ನ ತಂಗಿ ನಗುವ ಸ್ಥಿತಿಯಲ್ಲಿರಲಿಲ್ಲ. ಅವನ ಗೆಳೆಯನೊಬ್ಬನ ತಂದೆ, ಗುತ್ತಿಗೆಗೆ ಹೊಲ ಮಾಡುವವರು, ಹಿಂದಿನ ವರ್ಷ ಅಂಥದೇ ಆಕಾರದ ಅಗ್ಗದ ಸೈಕಲ್ಲೊಂದನ್ನು ಕೊಡಿಸಿದ್ದರು. ಚೌಕಟ್ಟಿನ ಮೇಲೆ ಆಜೀವ ಖಾತರಿಯ ಚೀಟಿ ಅಂಟಿಸಿತ್ತು. ಐದನೆಯ ತಿಂಗಳಲ್ಲಿ ಹಿಡಿಕೆಯ ಕೆಳಗಿನ ಬೆಸುಗೆ ಬಿರಿದು, ಹುಡುಗ ಮುಖ ಅಡಿಯಾಗಿ ಬಿದ್ದು ಮುಂದಿನ ಎರಡು ಹಲ್ಲುಗಳನ್ನು ಕಳೆದುಕೊಂಡ. ಅಂಗಡಿಯವರು ಖಾತರಿ ಪತ್ರ ತೆಗೆದು ತೋರಿಸಿದರು: ಕಸರತ್ತಿಗೆ ಬಳಸಿದರೆ ಖಾತರಿ ಅನ್ವಯಿಸದು ಎಂದು ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿತ್ತು. ಇದನ್ನೆಲ್ಲ ಕಣ್ಣಾರೆ ಕಂಡ ತಂಗಿ "ನಮ್ಮ ಮನೆಗೆ ಅದು ಬ್ಯಾಡ" ಎಂದುಬಿಟ್ಟಳು. ಬೇಡವೆಂದರೆ ಹುಡುಗ ಎರವಲು ತಂದ, ಇನ್ನೂ ದುರ್ಬಲವಾದ ಸೈಕಲ್ಲಿನ ಮೇಲೆ ಅದೇ ಆಟ ಆಡುವನೆಂಬ ಅಂಜಿಕೆ ನನಗಿತ್ತು. ಆದುದರಿಂದ ಬಲ್ಲವರನ್ನು ಕೇಳಿ, ಓದಿ ತಿಳಿಯುವ ಹೊಣೆಯನ್ನು ನಾನೇ ಹೊತ್ತೆ.

ಚೌಕಟ್ಟಿನ ಬಲವಿರುವುದು ಅದರ ಲೋಹದಲ್ಲಿ ಮತ್ತು ಬೆಸುಗೆಯಲ್ಲಿ. ಅಗ್ಗದ ಸೈಕಲ್ಲುಗಳು ಹೈಟೆನ್ಸೈಲ್ ಎಂಬ ಸಾಧಾರಣ ಉಕ್ಕಿನವು. ಬಾಳಿಕೆಯ ಚೌಕಟ್ಟಿಗೆ ಬಳಸುವುದು 4130 ಕ್ರೋಮೋಲಿ. 41 ಎಂದರೆ ಕ್ರೋಮಿಯಂ ಮತ್ತು ಮಾಲಿಬ್ಡಿನಂ ಬೆರೆತ ಉಕ್ಕು. 30 ಎಂದರೆ ಅದರಲ್ಲಿ ಶೇಕಡಾ 0.30ರಷ್ಟು ಇಂಗಾಲ. ಈ ಉಕ್ಕಿನ ಕೊಳವೆ ತೆಳುವಾಗಿದ್ದರೂ ಗಟ್ಟಿ. ಆದುದರಿಂದ ಸೈಕಲ್ ಹಗುರವಾಗುತ್ತದೆ. ಆದರೆ ಒಂದು ಎಚ್ಚರ: ಕೆಲವು ಸೈಕಲ್ಲುಗಳಲ್ಲಿ ಕೆಳಗಿನ ಓರೆ ಕೊಳವೆ ಮಾತ್ರ ಕ್ರೋಮೋಲಿ, ಉಳಿದದ್ದು ಸಾಧಾರಣ ಉಕ್ಕು. ಪೂರ್ಣ ಚೌಕಟ್ಟು ಯಾವುದರದೆಂದು ಕೇಳಿಯೇ ಕೊಳ್ಳಬೇಕು. ಅಳತೆಯೂ ಮುಖ್ಯ. ಫ್ಲಾಟ್‌ಲ್ಯಾಂಡ್ ಚೌಕಟ್ಟಿನ ಮೇಲಿನ ಕೊಳವೆ ಗಿಡ್ಡ, ಸಾಮಾನ್ಯವಾಗಿ 19 ಅಂಗುಲದ ಆಸುಪಾಸು, ಹಿಂಭಾಗವೂ ಗಿಡ್ಡ.

ಬಿರುಕು ಬಹುತೇಕ ಹುಟ್ಟುವುದು ಬೆಸುಗೆಯ ಅಂಚಿನಲ್ಲಿ. ಹಿಡಿಕೆಯ ಕೊಳವೆಗೆ ಓರೆ ಕೊಳವೆ ಸೇರುವ ಸಂದು, ಪೆಡಲಿನ ಅಚ್ಚಿನ ಸುತ್ತ, ಹಿಂದಿನ ಗಾಲಿ ಕೂಡುವ ತುದಿ, ಈ ಮೂರನ್ನು ಬೆಳಕಿನಲ್ಲಿ ನೋಡಬೇಕು. ಬಣ್ಣದಲ್ಲಿ ಕೂದಲೆಳೆಯ ಗೆರೆ ಅಥವಾ ಸುಕ್ಕು ಕಂಡರೆ ಅದರ ಕೆಳಗೆ ಲೋಹವೇ ಬಿರಿದಿರಬಹುದು, ಬಾಗಿರಬಹುದು. ನೀರು ಒಳಸೇರಿದರೆ ಕೊಳವೆ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಕಾಲುವೆಯ ನೀರಿನಲ್ಲಿ ಸೈಕಲ್ ತೊಳೆಯುವ ನಮ್ಮ ಹುಡುಗರಿಗೆ ಇದನ್ನು ತಿಳಿಸಬೇಕು.

ಇನ್ನು ಖಾತರಿ. ಅದು ತಯಾರಿಕೆಯ ದೋಷಕ್ಕೆ ಕೊಟ್ಟ ಮಾತೇ ಹೊರತು ಅಪಘಾತಕ್ಕಾಗಲಿ, ಸವಕಳಿಗಾಗಲಿ, ತುಕ್ಕಿಗಾಗಲಿ ಅಲ್ಲ. ಆಜೀವ ಎಂಬುದು ಕೊಂಡವನ ಆಯುಷ್ಯವೋ ಚೌಕಟ್ಟಿನ ಆಯುಷ್ಯವೋ ಎಂಬುದನ್ನು ಪತ್ರದಲ್ಲೇ ನೋಡಬೇಕು. ಸಾಮಾನ್ಯವಾಗಿ ಅದು ಮೊದಲ ಖರೀದಿದಾರನಿಗೆ ಮಾತ್ರ ಸಲ್ಲುತ್ತದೆ. ಬೆಂಗಳೂರಿನಿಂದ ಅರ್ಧ ಬೆಲೆಗೆ ಬಂದ ಹಳೆಯ ಚೌಕಟ್ಟನ್ನು ನಾವು ಬಿಟ್ಟದ್ದು ಈ ಕಾರಣಕ್ಕೆ. ಕಸರತ್ತಿನ ಬಳಕೆಯನ್ನು ಹೊರಗಿಟ್ಟಿರುವ ಖಾತರಿ ಈ ಆಟದವರಿಗೆ ಇದ್ದೂ ಇಲ್ಲದಂತೆಯೇ. ಬಿಲ್ಲು ಮತ್ತು ಪೆಡಲಿನ ಅಚ್ಚಿನ ಅಡಿಯಲ್ಲಿ ಸಾಮಾನ್ಯವಾಗಿ ಒತ್ತಿರುವ ಚೌಕಟ್ಟಿನ ಸಂಖ್ಯೆ, ಇವೆರಡನ್ನು ಮೊದಲ ದಿನವೇ ಬರೆದಿಟ್ಟುಕೊಳ್ಳುವುದು ಲೇಸು.

2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಮ್ಮ ಬೆನ್ನಿಗಿದೆ. ಬಿಲ್ಲು ಕೊಡದಿರುವುದು ಈ ಕಾಯ್ದೆಯಂತೆ ಅನುಚಿತ ವ್ಯಾಪಾರ ಪದ್ಧತಿ. ಸೈಕಲ್ಲನ್ನು ಎಲ್ಲಿಯೇ ಕೊಂಡಿರಲಿ, ನಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಗೊರೇಬಾಳದವರಿಗೆ ಅದು ರಾಯಚೂರು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಆದರೆ ದೂರಿಗೆ ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ಹೋಗಬೇಕು. 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ಸಲಹೆಯೂ ದೊರೆಯುತ್ತದೆ.

ಕೊನೆಗೆ ತಂಗಿ ಒಪ್ಪಿದಳು. ಒಂದು ಬೆಳೆಯ ಭತ್ತದ ಹಣದಲ್ಲಿ ಪೂರ್ಣ ಕ್ರೋಮೋಲಿಯ, ಇದೇ ಆಟಕ್ಕೆಂದು ಮಾಡಿದ, ಖಾತರಿ ಪತ್ರದಲ್ಲಿ ಆ ಬಳಕೆಯನ್ನು ಹೊರಗಿಡದ ಚೌಕಟ್ಟು ಬಂದಿತು. ಅವಳು ಹಾಕಿದ ಕರಾರು ಎರಡು: ಹೆಲ್ಮೆಟ್ ಇಲ್ಲದೆ ಕಣಕ್ಕೆ ಇಳಿಯಕೂಡದು, ವಾರಕ್ಕೊಮ್ಮೆ ಸೈಕಲ್ ಒರೆಸಿ, ಆ ಮೂರು ಸಂದುಗಳನ್ನು ತಾಯಿಗೆ ತೋರಿಸಬೇಕು. ಈಗ ಬೆಸುಗೆಯ ಗೆರೆಯನ್ನು ಅವಳು ಮಗನಿಗಿಂತ ಚೆನ್ನಾಗಿ ಓದಬಲ್ಲಳು.

ಸಹೃದಯ ಬಂಧುಗಳೇ, ಮಕ್ಕಳ ಆಸೆಗೆ ಅಡ್ಡ ಬರುವುದಕ್ಕಿಂತ ಅವರ ಜೊತೆ ಕುಳಿತು ಖಾತರಿ ಪತ್ರ ಓದುವುದು ಮೇಲು. ಅದೂ ಹಣ ಕೊಡುವ ಮೊದಲು. ಏಕೆಂದರೆ ಖಾತರಿ ಬಹಳವೆಂದರೆ ಮುರಿದ ಉಕ್ಕನ್ನು ಬದಲಿಸಿಕೊಟ್ಟೀತು, ಮುರಿದ ಹಲ್ಲನ್ನಲ್ಲ.