ಒಂದು ಎಳನೀರಿನ ಲೆಕ್ಕ

ಸಂತೆಯಲ್ಲಿ ರಾಗಿಯನ್ನು ತೂಗಿ ಕೊಡುತ್ತಾರೆ, ಕುರಿಯನ್ನು ತಲೆಯೆಣಿಸಿ ಮಾರುತ್ತಾರೆ. ಎರಡಕ್ಕೂ ಒಂದೇ ಅಳತೆ ಏಕಿಲ್ಲವೆಂದು ಯಾರೂ ಜಗಳಕ್ಕೆ ನಿಲ್ಲುವುದಿಲ್ಲ. ಆದರೆ ರಕ್ತಪರೀಕ್ಷೆಯ ವರದಿ ಕೈಗೆ ಬಂದೊಡನೆ ಈ ಜಾಣ್ಮೆಯನ್ನು ಮರೆತು ಅಂಕಿಯನ್ನಷ್ಟೇ ಓದುತ್ತೇವೆ. ಪಕ್ಕದಲ್ಲಿರುವ ಅಳತೆಯ ಹೆಸರನ್ನು ಬಿಟ್ಟುಬಿಡುತ್ತೇವೆ. ಅದನ್ನು ಇರುವೆಯಂಥ ಅಕ್ಷರಗಳಲ್ಲಿ ಅಚ್ಚುಹಾಕುವವರದೂ ತಪ್ಪಿದೆಯೆನ್ನಿ.

ನಮ್ಮ ದೊಡ್ಡಪ್ಪನವರಿಗೆ ಮೂತ್ರಪಿಂಡದ ಕಾಯಿಲೆ. ಕಳೆದ ಬೇಸಗೆಯಲ್ಲಿ ಡಾಕ್ಟರು, ಎಳನೀರು ಮುಟ್ಟಕೂಡದೆಂದು ಕಟ್ಟಪ್ಪಣೆ ಮಾಡಿದರು. ತೆಂಗಿನ ತೋಟದ ಯಜಮಾನರಿಗೆ ಇದಕ್ಕಿಂತ ದೊಡ್ಡ ಅವಮಾನವುಂಟೆ? ವರದಿಯನ್ನು ನನ್ನ ಮುಂದೆ ಹಿಡಿದು, "ಸಕ್ಕರೆ ನೂರೈವತ್ತು ಇದೆ, ಅದಕ್ಕೆ ಇಷ್ಟು ಗಾಬರಿಯಿಲ್ಲ. ಪೊಟ್ಯಾಸಿಯಮ್ ಬರೀ 5.8. ಅದಕ್ಕೇಕಪ್ಪ ಇಷ್ಟು ರಂಪ?" ಎಂದರು. ಪಿಯುಸಿಯಲ್ಲಿ ವಿಜ್ಞಾನ ಓದಿ ಬಿ.ಎ.ಗೆ ಬಂದವನಾದ್ದರಿಂದ ನಮ್ಮ ಮನೆಗೆ ನಾನೇ ವಿಜ್ಞಾನಿ!

ಸಕ್ಕರೆಯ 150 ಎಂಬುದು ತೂಕ: ನೂರು ಮಿಲಿಲೀಟರಿನಲ್ಲಿ ಅಷ್ಟು ಮಿಲಿಗ್ರಾಂ. ಪೊಟ್ಯಾಸಿಯಮ್‌ನ 5.8 ತೂಕವಲ್ಲ, ಒಂದು ಲೀಟರಿನಲ್ಲಿರುವ ಮಿಲಿಈಕ್ವಿವಲೆಂಟುಗಳ ಎಣಿಕೆ. ಅದೂ ಕಣಗಳ ಎಣಿಕೆಯಲ್ಲ, ಕಣಗಳು ಹೊತ್ತಿರುವ ವಿದ್ಯುದಂಶದ್ದು. ಪೊಟ್ಯಾಸಿಯಮ್ ಅಯಾನಿಗೆ ಒಂದು ಕೈ, ಕ್ಯಾಲ್ಸಿಯಮ್ ಅಯಾನಿಗೆ ಎರಡು ಎಂದಿಟ್ಟುಕೊಳ್ಳಿ; ತಲೆ ಬಿಟ್ಟು ಕೈಗಳನ್ನು ಎಣಿಸಿದಂತೆ. ಪೊಟ್ಯಾಸಿಯಮ್ 39.1 ಮಿಲಿಗ್ರಾಂ ಇದ್ದರೆ ಒಂದು ಮಿಲಿಈಕ್ವಿವಲೆಂಟ್. ಕ್ಯಾಲ್ಸಿಯಮ್‌ನ ಪರಮಾಣು ತೂಕ 40 ಆದರೂ 20 ಮಿಲಿಗ್ರಾಮಿಗೇ ಲೆಕ್ಕ ತುಂಬುತ್ತದೆ. ಗ್ಲೂಕೋಸಿಗೆ ಕೈಯೇ ಇಲ್ಲ. ಈ ಪಂಕ್ತಿಯಲ್ಲಿ ಅದಕ್ಕೆ ಎಲೆಯೂ ಇಲ್ಲ.

ದೊಡ್ಡಪ್ಪನವರಿಗೆ ಇದೊಂದೂ ರುಚಿಸಲಿಲ್ಲ. "ಎಳನೀರಿನ ಲೆಕ್ಕ ಹೇಳು" ಎಂದರು. ನೂರು ಮಿಲಿಲೀಟರ್ ಎಳನೀರಿನಲ್ಲಿ ಪೊಟ್ಯಾಸಿಯಮ್ ಸುಮಾರು 250 ಮಿಲಿಗ್ರಾಂ. ಕಾಯಿಯಿಂದ ಕಾಯಿಗೆ ಹೆಚ್ಚುಕಡಿಮೆಯುಂಟು. ಮುನ್ನೂರು ಮಿಲಿಲೀಟರಿನ ಕಾಯಿಗೆ 750. ಅದನ್ನು 39.1ರಿಂದ ಭಾಗಿಸಿದರೆ ಸುಮಾರು 19 ಮಿಲಿಈಕ್ವಿವಲೆಂಟ್. ಇತ್ತ ರಕ್ತದ ದ್ರವಭಾಗವಾದ ಪ್ಲಾಸ್ಮಾ ಸುಮಾರು ಮೂರು ಲೀಟರು. ಲೀಟರಿಗೆ 5.8ರಂತೆ ಅದರಲ್ಲಿರುವುದೆಲ್ಲ ಸೇರಿ 17.4. ಒಂದೇ ಎಳನೀರು ಅದನ್ನು ಮೀರಿತು!

ಆರೋಗ್ಯವಂತರಿಗೆ ಹೆದರಿಕೆಯಿಲ್ಲ. ಒಳಬಂದದ್ದರಲ್ಲಿ ಬಹುಪಾಲು ಜೀವಕೋಶಗಳನ್ನು ಸೇರುತ್ತದೆ, ಹೆಚ್ಚಾದುದನ್ನು ಮೂತ್ರಪಿಂಡ ಹೊರಹಾಕುತ್ತದೆ. ಮೂತ್ರಪಿಂಡ ಸೋತವರಲ್ಲಿ ಅದು ರಕ್ತದಲ್ಲಿ ಕೂಡುತ್ತ ಹೋಗುತ್ತದೆ. ಕೋಶದೊಳಗೆ ಲೀಟರಿಗೆ ಸುಮಾರು 140, ಹೊರಗೆ 3.5ರಿಂದ 5; ಹೃದಯದ ಬಡಿತ ಈ ಅಂತರವನ್ನು ನಂಬಿಕೊಂಡಿದೆ. ಹೊರಗಿನ ಐದು ಆರಾಗಿ, ಏಳಾದರೆ ಬಡಿತವೇ ತಾಳ ತಪ್ಪಬಹುದು.

ದೊಡ್ಡಪ್ಪನವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಾಳೆಹಣ್ಣಿಗೆ ಎಷ್ಟು?" ಎಂದು ಕೇಳಿದರು. ಪಚ್ಚಬಾಳೆಯಾದರೆ ಒಂದಕ್ಕೆ ಹತ್ತು ಹನ್ನೊಂದು, ಏಲಕ್ಕಿಬಾಳೆ ಚಿಕ್ಕದು, ಅದಕ್ಕೆ ಕಡಿಮೆ ಎಂದೆ. ವರದಿಯ ಬೆನ್ನ ಮೇಲೆ ಎರಡನ್ನೂ ಬರೆಸಿಕೊಂಡರು, ಮುಂದಿನ ಸೋಮವಾರ ಡಾಕ್ಟರ ಹತ್ತಿರ ಚೌಕಾಶಿ ಮಾಡಲಿಕ್ಕೆ.