ಗಾಳಿ ಹೊಡಿ

ಲೋಹ ಕೊರೆಯುವ ಯಂತ್ರಕ್ಕೆ ಪ್ರೋಗ್ರಾಂ ಬರೆಯುವ ಕ್ಯಾಮ್ ಸಾಫ್ಟ್‌ವೇರಿನ ಪರದೆಯ ಎಡಮಗ್ಗುಲಲ್ಲಿ ಒಂದು ಮರ ಇರುತ್ತದೆ. ಬೊಮ್ಮನಹಳ್ಳಿಯಲ್ಲಿ ಕೂತು ನಾನು ದಿನವಿಡೀ ನೋಡುವ ಮರ ಅದೊಂದೇ. ಈ ಮರಕ್ಕೆ ಎಲೆಗಳಿಲ್ಲ, ಆಪರೇಷನ್‌ಗಳಿವೆ: ಫೇಸಿಂಗ್, ರಫಿಂಗ್, ಸೆಂಟರ್ ಡ್ರಿಲ್, ಡ್ರಿಲ್, ಚಾಂಫರ್, ಟ್ಯಾಪ್, ಫಿನಿಶಿಂಗ್. ಯಂತ್ರ ಲೋಹವನ್ನು ಯಾವ ಕ್ರಮದಲ್ಲಿ ಕೊರೆಯಬೇಕೋ ಅದೇ ಕ್ರಮದಲ್ಲಿ ಮೇಲಿನಿಂದ ಕೆಳಕ್ಕೆ ನೇತಾಡುತ್ತಿರುತ್ತವೆ. ಮೌಸಿನಲ್ಲಿ ಹಿಡಿದು ಒಂದನ್ನು ಮೇಲಕ್ಕೆಳೆದು ಇನ್ನೊಂದನ್ನು ಕೆಳಕ್ಕೆ ಬಿಟ್ಟರೆ ಕ್ರಮ ಬದಲಾಯಿತು. ಡ್ರಿಲ್ಲಿನಿಂದ ತೂತು ಕೊರೆಯುವ ಮೊದಲೇ ಆ ತೂತಿಗೆ ಥ್ರೆಡ್ ಹಾಕುವ ಟ್ಯಾಪ್ ಇಟ್ಟರೂ ಸಾಫ್ಟ್‌ವೇರ್ ‘ಆಗಲಿ ಸ್ವಾಮಿ’ ಎಂದು ಕೋಡ್ ಬರೆದು ಕೈಗೆ ಕೊಟ್ಟುಬಿಡುತ್ತದೆ. ಗೊಣಗುವುದು ಅದರ ಸ್ವಭಾವದಲ್ಲಿಲ್ಲ. ಅದಕ್ಕೆ ನಮ್ಮ ಷೆಡ್ಡಿನಲ್ಲಿ ಮೇಷ್ಟ್ರಿದ್ದರು.

ಮೇಷ್ಟ್ರೆಂದರೆ ಶಾಲೆಯವರಲ್ಲ, ಫೋರ್‌ಮನ್. ಜಾಲಹಳ್ಳಿಯ ಎಚ್.ಎಂ.ಟಿ.ಯಲ್ಲಿ ಕೈ ಪಳಗಿಸಿಕೊಂಡು, ವಿ.ಆರ್.ಎಸ್. ತೆಗೆದುಕೊಂಡು, ಬೇಗೂರು ರಸ್ತೆಯ ಒಳಗಿನ ನಮ್ಮ ತಗಡಿನ ಷೆಡ್ಡಿಗೆ ಬಂದವರು. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಕಾರದಲ್ಲಿ ಶುರುವಾದ ಕಾರ್ಖಾನೆಯ ಶಿಸ್ತನ್ನು ಒಂದು ಎವರ್‌ಸಿಲ್ವರ್ ಟಿಫನ್ ಡಬ್ಬಿಯ ಜೊತೆಗೆ ಹೊತ್ತು ತಂದಿದ್ದರು. ಡ್ರಾಯಿಂಗ್ ಬಂದ ಕೂಡಲೇ ಯಂತ್ರದ ಹತ್ತಿರ ಹೋಗುತ್ತಿರಲಿಲ್ಲ. ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಬೆನ್ನಿನ ಬಿಳಿ ಭಾಗದಲ್ಲಿ ‘ಮೊದಲು ಇದು, ಆಮೇಲೆ ಇದು’ ಎಂದು ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ಮುಂಭಾಗದಲ್ಲಿ ಲಕ್ಷ್ಮೀ ವೆಂಕಟೇಶ್ವರ, ಹಿಂಭಾಗದಲ್ಲಿ ಗೇರ್‌ಬಾಕ್ಸಿನ ಮುಚ್ಚಳ. ನಮ್ಮ ಎಷ್ಟೋ ಜಾಬ್‌ಗಳು ದೇವರ ಬೆನ್ನ ಮೇಲೆಯೇ ಹುಟ್ಟಿದವು.

ಕಂಪ್ಯೂಟರ್ ಬಂದ ಮೇಲೆ ಆ ಹಾಳೆಯ ಕೆಲಸ ನನ್ನ ಪಾಲಿಗೆ ಬಂತು. ಮಾಲೀಕರು ಒಂದು ದಿನ ನನ್ನ ಹಿಂದೆ ನಿಂತು, ‘ಇದನ್ನೆಲ್ಲ ಟೆಂಪ್ಲೇಟ್ ಮಾಡಿ ಇಟ್ಟುಬಿಡು. ನಾಳೆ ನೀನಿಲ್ಲದಿದ್ದರೂ ಕೆಲಸ ನಡೀಬೇಕು’ ಎಂದರು. ನಾನಿಲ್ಲದ ನಾಳೆಯನ್ನು ಅವರು ಇಷ್ಟು ಸಲೀಸಾಗಿ ಊಹಿಸಿಕೊಂಡದ್ದು ಮನಸ್ಸಿಗೆ ನಾಟಿತಾದರೂ ಮಾತು ಸರಿಯಾಗಿಯೇ ಇತ್ತು. ಸಾಫ್ಟ್‌ವೇರ್ ತಾನಾಗಿ ಕೊಡುವ ಕ್ರಮ ಯಾರದೋ ಊರಿನ, ಯಾವುದೋ ಯಂತ್ರದ ಕ್ರಮ. ಅದನ್ನು ನಮ್ಮ ಯಂತ್ರಕ್ಕೆ, ನಮ್ಮ ಟೂಲುಗಳಿಗೆ, ನಮ್ಮ ಕರೆಂಟಿಗೆ ಒಗ್ಗಿಸಿ ಒಂದು ಹೆಸರಿಟ್ಟು ಉಳಿಸಿಕೊಂಡರೆ, ಮುಂದೆ ಅದೇ ಬಗೆಯ ತೂತು ಬಂದಾಗ ಒಂದು ಕ್ಲಿಕ್ಕಿಗೆ ಇಡೀ ಸಾಲು ಇಳಿದುಬರುತ್ತದೆ. ಎಂ8 ಥ್ರೆಡ್ ಎಂದರೆ ಸೆಂಟರ್ ಡ್ರಿಲ್, 6.8 ಮಿಲಿಮೀಟರ್ ಡ್ರಿಲ್, ಚಾಂಫರ್, ಟ್ಯಾಪ್. ಎಂ10 ಆದರೆ 8.5ರ ಡ್ರಿಲ್. ಇಷ್ಟನ್ನು ಯಾವ ಪುಸ್ತಕವಾದರೂ ಹೇಳುತ್ತದೆ.

ಪುಸ್ತಕ ಹೇಳದ್ದನ್ನು ಮೇಷ್ಟ್ರು ಸೇರಿಸಿದರು. ಟ್ಯಾಪಿಗೆ ಮೊದಲು ಒಂದು ಎಂ00 ಹಾಕು ಎಂದರು. ಅಂದರೆ ಯಂತ್ರ ಅಲ್ಲಿ ಸುಮ್ಮನೆ ನಿಲ್ಲಬೇಕು, ಆಪರೇಟರ್ ಬಾಗಿಲು ತೆರೆದು ತೂತಿನೊಳಗೆ ಏರ್ ಗನ್ನಿನಿಂದ ಗಾಳಿ ಹೊಡೆದು, ಚೂರು ಹಾರಿಸಿ, ನಾಲ್ಕು ಹನಿ ಎಣ್ಣೆ ಬಿಟ್ಟು ಮತ್ತೆ ಸ್ಟಾರ್ಟ್ ಒತ್ತಬೇಕು. ಆಚೆಗೆ ತೆರೆಯದ ತೂತಿನಲ್ಲಿ ಡ್ರಿಲ್ಲಿನ ಚೂರು ತಳದಲ್ಲಿ ಕೂತಿರುತ್ತದೆ. ಅದರ ಮೇಲೆ ಟ್ಯಾಪ್ ಇಳಿಯಿತೋ, ಮುರಿಯಿತೆಂದೇ ಲೆಕ್ಕ. ಮುರಿದ ಟ್ಯಾಪನ್ನು ಒಳಗಿನಿಂದ ಕೀಳುವುದು ಹಲ್ಲು ಕೀಳುವ ಡಾಕ್ಟರಿಗೂ ಬೇಡದ ಕೆಲಸ.

ಆ ನಿಲುಗಡೆಯ ಪಕ್ಕದಲ್ಲಿ ಆಪರೇಟರಿಗೊಂದು ಸೂಚನೆ ಬರೆಯಲು ಜಾಗವಿರುತ್ತದೆ. ಯಂತ್ರದ ಕಂಟ್ರೋಲರಿಗೆ ಕನ್ನಡ ಅಕ್ಷರ ಬರುವುದಿಲ್ಲ, ಹಾಗಾಗಿ ಇಂಗ್ಲಿಷ್ ಅಕ್ಷರಗಳಲ್ಲೇ ‘ಗಾಳಿ ಹೊಡಿ’ ಎಂದು ಟೈಪು ಮಾಡಿದೆ. ಈಗ ನಮ್ಮಲ್ಲಿ ಯಂತ್ರ ನಡೆಸುವ ಹುಡುಗ ಒಡಿಶಾದವನು. ಅವನು ಬೊಮ್ಮನಹಳ್ಳಿಯಲ್ಲಿ ಓದಿ ಕಲಿತ ಮೊದಲ ಕನ್ನಡ ವಾಕ್ಯ ಅದೇ. ಸೆಖೆಯಾದಾಗಲೂ ಫ್ಯಾನಿನ ಕಡೆ ಕೈ ತೋರಿಸಿ ‘ಸಾರ್, ಗಾಳಿ ಹೊಡಿ’ ಎನ್ನುತ್ತಾನೆ.

ಕ್ರಮದ ವಿಷಯದಲ್ಲಿ ನನಗೂ ಮೇಷ್ಟ್ರಿಗೂ ಒಂದು ಹಳೆಯ ಜಗಳವಿತ್ತು. ಒಂದು ಫಿಕ್ಸ್‌ಚರಿನಲ್ಲಿ ನಾಲ್ಕು ಪೀಸ್ ಕಟ್ಟುತ್ತೇವೆ, ಪ್ರತಿ ಪೀಸಿಗೂ ಆರು ಟೂಲ್ ಬೇಕು ಎಂದುಕೊಳ್ಳಿ. ಒಂದೊಂದನ್ನೇ ಪೂರ್ತಿ ಮುಗಿಸುತ್ತ ಹೋದರೆ ಯಂತ್ರ ಇಪ್ಪತ್ತನಾಲ್ಕು ಸಲ ಟೂಲ್ ಬದಲಿಸಬೇಕು. ಟೂಲಿನ ಪ್ರಕಾರ ಸಾಲು ಜೋಡಿಸಿದರೆ, ಅಂದರೆ ಒಂದು ಡ್ರಿಲ್ ನಾಲ್ಕೂ ಪೀಸಿನ ಮೇಲೆ ಓಡಾಡಿ ಬಂದ ಮೇಲಷ್ಟೇ ಮುಂದಿನ ಟೂಲ್, ಆರು ಬದಲಾವಣೆಗೆ ಮುಗಿಯಿತು. ಬದಲಾವಣೆಗೆ ಐದು ಸೆಕೆಂಡ್ ಹಿಡಿದರೂ ಹದಿನೆಂಟು ಉಳಿದವು, ತೊಂಬತ್ತು ಸೆಕೆಂಡ್. ಎಂಬತ್ತು ಲೋಡಿಗೆ ಎರಡು ಗಂಟೆ! ಈ ಲೆಕ್ಕವನ್ನು ನಾನು ಮೇಷ್ಟ್ರ ಮುಂದಿಟ್ಟಾಗ ಅವರು ಕನ್ನಡಕ ಒರೆಸಿಕೊಂಡು, ‘ಡ್ರಿಲ್ ಮೊಂಡಾಗಿದ್ದರೆ ನಿನ್ನ ಕ್ರಮದಲ್ಲಿ ನಾಲ್ಕು ಹಾಳು, ನನ್ನ ಕ್ರಮದಲ್ಲಿ ಒಂದು. ಮೊದಲ ಸಲ ಒಂದು ಪೀಸ್ ಪೂರ್ತಿ ಮಾಡಿ ಅಳೆದು ನೋಡು, ಆಮೇಲೆ ನಿನ್ನ ಉಳಿತಾಯ’ ಎಂದರು. ಹಾಗೆಯೇ ಮಾಡಿದೆವು. ಉಳಿದ ಎರಡು ಗಂಟೆಯನ್ನು ಆ ಕಾಲದಲ್ಲಿ ನಾವೆಲ್ಲ ಸಂಜೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಖರ್ಚು ಮಾಡುತ್ತಿದ್ದೆವು.

ಸಿಲ್ಕ್ ಬೋರ್ಡ್ ಎಂದ ಮೇಲೆ ಊರಿನ ವಿಷಯ ಹೇಳದೆ ಹೇಗೆ? ಕ್ರಮ ತಪ್ಪಿದರೆ ಏನಾಗುತ್ತದೆಂದು ಹೊಸ ಹುಡುಗರಿಗೆ ಕಲಿಸಲು ನಾನು ಷೆಡ್ಡಿನ ಗೇಟಿನವರೆಗೆ ಕರೆದುಕೊಂಡು ಹೋಗುತ್ತೇನೆ. ಮೊದಲು ಮನೆ, ಆಮೇಲೆ ರಸ್ತೆ, ರಸ್ತೆಗೆ ಡಾಂಬರು ಬಿದ್ದ ಮೇಲೆ ಚರಂಡಿಯ ನೆನಪು, ಚರಂಡಿ ಮುಚ್ಚಿದ ಮೇಲೆ ನೀರಿನ ಪೈಪು. ಅಂದರೆ ಫಿನಿಶಿಂಗ್ ಮುಗಿಸಿ ರಫಿಂಗ್. ಹೊಸೂರು ರಸ್ತೆಯ ಮೇಲೆ 2010ರಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಉದ್ದನೆಯ ಮೇಲ್ಸೇತುವೆ ಶುರುವಾದಾಗ ನಮ್ಮ ತಲೆಯ ಮೇಲಿಂದಲೇ ಕಾರುಗಳು ಹಾರಿಹೋಗತೊಡಗಿದವು. ಕೆಳಗಿನ ನಾವು ಕೆಳಗೇ ಇದ್ದೆವು. ಆಮೇಲೆ ಮೆಟ್ರೊ. ಹಳಿ ಬಂತು, ನಿಲ್ದಾಣ ಬಂತು, ರೈಲಿಗಾಗಿ ಕಾದದ್ದೇ ಕಾದದ್ದು. ಕೊನೆಗೆ 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ತನಕ ಹಳದಿ ಮಾರ್ಗ ತೆರೆದಾಗ 16 ನಿಲ್ದಾಣಗಳಿಗೆ ಮೂರೇ ರೈಲು, 25 ನಿಮಿಷಕ್ಕೊಂದು. ಅದೂ ಚಾಲಕರಿಲ್ಲದೆ ಓಡಬಲ್ಲ ರೈಲು. ನನ್ನ ಮರದಲ್ಲಾದರೆ ಎಳೆದು ಸರಿಮಾಡಿಬಿಡುತ್ತಿದ್ದೆ.

ಎಳೆದು ಸರಿಮಾಡುವ ಸೌಕರ್ಯ ನಮಗೆ ಬಂದದ್ದೂ ತಡವಾಗಿಯೇ. 1952ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಮೊದಲ ಅಂಕಿನಿಯಂತ್ರಿತ ಮಿಲ್ಲಿಂಗ್ ಯಂತ್ರ ತೋರಿಸಿದಾಗ ಅದು ತೂತು ಬಿದ್ದ ಪಟ್ಟಿ ಓದಿಕೊಂಡು ಕೊರೆಯುತ್ತಿತ್ತು. 1959ರಲ್ಲಿ ಅಲ್ಲಿಯವರೇ ಇಂಥ ಯಂತ್ರಗಳಿಗೆ ಪ್ರೋಗ್ರಾಂ ಬರೆಯುವ ಎಪಿಟಿ ಎಂಬ ಭಾಷೆಯನ್ನು ಪತ್ರಕರ್ತರಿಗೆ ಪರಿಚಯಿಸುವಾಗ ಆ ಭಾಷೆಯಲ್ಲಿ ಕೊರೆದ ಅಲ್ಯೂಮಿನಿಯಂ ಆಷ್‌ಟ್ರೇಗಳನ್ನು ಹಂಚಿದರಂತೆ. ಲೋಕದ ದೊಡ್ಡ ದೊಡ್ಡ ವಿದ್ಯೆಗಳು ಬೀಡಿ ಸಿಗರೇಟಿನ ಬೂದಿ ಹಿಡಿಯುವುದರಿಂದ ಶುರುವಾಗುತ್ತವೆಂದರೆ ನಮ್ಮ ಷೆಡ್ಡಿನ ಹಿಂಬಾಗಿಲಿನ ಗೋಷ್ಠಿಗೂ ಒಂದು ಗೌರವ ಬಂದಂತಾಯಿತು. ಕೊರೆಯುವ ಕೆಲಸ ಅದಕ್ಕೂ ಹಳೆಯದು: ನಾವಿರುವ ರಸ್ತೆಯಲ್ಲೇ ಮುಂದೆ ಹೋದರೆ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು 890ರ ಶಾಸನವಿದೆ, ‘ಬೆಂಗಳೂರು’ ಎಂಬ ಹೆಸರು ಕಾಣಿಸುವ ಹಳೆಯ ಕಲ್ಲು. ಅದನ್ನು ಕೆತ್ತಿದವನಿಗೆ ಮರವೂ ಇರಲಿಲ್ಲ, ಅನ್‌ಡೂ ಬಟನ್ನೂ ಇರಲಿಲ್ಲ. ಮೇಷ್ಟ್ರು ಅವನ ಕಡೆಯವರು.

ಅವರ ಒಂದು ಆಪರೇಷನ್ ಮಾತ್ರ ನನಗೆ ಟೆಂಪ್ಲೇಟಿನಲ್ಲಿ ಇಡಲಾಗಲಿಲ್ಲ. ಅಲ್ಯೂಮಿನಿಯಂ ತಟ್ಟೆಗಳನ್ನು ತೆಳ್ಳಗೆ ಕೊರೆಯುವ ಜಾಬೊಂದು ಬರುತ್ತಿತ್ತು. ಒಂದು ಮಗ್ಗುಲಿನ ಲೋಹ ತೆಗೆದರೆ ಒಳಗೆ ಅದುಮಿಟ್ಟಿದ್ದ ಒತ್ತಡ ಬಿಡುಗಡೆಯಾಗಿ ತಟ್ಟೆ ಬಾಗುತ್ತದೆ. ವೈಸಿನಲ್ಲಿ ಬಿಗಿದಿರುವ ತನಕ ನೆಟ್ಟಗೆ, ಬಿಚ್ಚಿದರೆ ಹಪ್ಪಳ. ಮೇಷ್ಟ್ರು ಎರಡೂ ಮಗ್ಗುಲು ರಫ್ ಮಾಡಿಸಿ, ಅರ್ಧ ಮಿಲಿಮೀಟರ್ ಉಳಿಸಿ, ಹಿಡಿತ ಬಿಚ್ಚಿ, ಬೆಂಚಿನ ಮೇಲೆ ಬಟ್ಟೆ ಹಾಸಿ ಇಡಿಸುತ್ತಿದ್ದರು. ‘ಇವತ್ತು ಮಲಗಲಿ. ಎಷ್ಟು ಬಾಗಬೇಕೋ ರಾತ್ರಿ ಬಾಗಿಕೊಳ್ಳಲಿ. ಬೆಳಿಗ್ಗೆ ಹಗುರವಾಗಿ ಹಿಡಿದು ಫಿನಿಶಿಂಗ್ ಮಾಡೋಣ.’ ಮಾಲೀಕರು, ‘ಈ ಮಲಗೋದಕ್ಕೆ ಗಂಟೆಗೆ ಎಷ್ಟು ಅಂತ ಬಿಲ್ ಹಾಕಲಿ ಮೇಷ್ಟ್ರೇ?’ ಎಂದು ಕೇಳಿದ್ದುಂಟು. ‘ಮೆಷೀನ್ ಖಾಲಿ ಇದೆಯಲ್ಲ, ಬೇರೆ ಜಾಬ್ ಕಟ್ಟಿ’ ಎಂದಷ್ಟೇ ಹೇಳಿ ಅವರು ಟೀ ಕುಡಿಯಲು ಹೋದರು. ಸಾಫ್ಟ್‌ವೇರಿನ ಮೆನು ಎಲ್ಲ ಹುಡುಕಿದೆ. ಪಾಕೆಟ್ ಇದೆ, ಕಾಂಟೂರ್ ಇದೆ, ಐದು ಆಕ್ಸಿಸ್ಸಿನ ಸರ್ಕಸ್ಸೂ ಇದೆ. ನಿದ್ದೆ ಇಲ್ಲ. ಕೊನೆಗೆ ಅದನ್ನು ಎರಡು ಪ್ರೋಗ್ರಾಂ ಮಾಡಿ, ಮೊದಲನೆಯದಕ್ಕೆ ‘ರಾತ್ರಿ’ ಎಂದೂ ಎರಡನೆಯದಕ್ಕೆ ‘ಬೆಳಿಗ್ಗೆ’ ಎಂದೂ ಹೆಸರಿಟ್ಟೆ.

ಮೇಷ್ಟ್ರು ಕೆಲಸ ಬಿಟ್ಟು ಮಗಳ ಊರಿಗೆ ಹೋದರು. ಅವರಿಗೆ ಶಾಲು ಹೊದಿಸಿದೆವು, ಮೈಸೂರು ಪಾಕ್ ಕೊಟ್ಟೆವು. ಆ ವರ್ಷದ ಆಯುಧಪೂಜೆಯಲ್ಲಿ ಯಂತ್ರಕ್ಕೂ ಮಾನಿಟರಿಗೂ ಕುಂಕುಮವಿಡುವಾಗ ಯಾವುದಕ್ಕೆ ಮೊದಲು ಎಂದು ನಮ್ಮಲ್ಲೇ ತಕರಾರಾಯಿತು. ಹೇಳುವವರಿರಲಿಲ್ಲ. ಆಮೇಲೆ ಸಂದರ್ಶನದಲ್ಲೆಲ್ಲ ಚೆನ್ನಾಗಿ ಉತ್ತರಿಸಿದ ಒಬ್ಬ ಹೊಸ ಪ್ರೋಗ್ರಾಮರ್ ಬಂದ. ಚುರುಕು ಹುಡುಗ. ಟೆಂಪ್ಲೇಟುಗಳನ್ನೆಲ್ಲ ತೆರೆದು ನೋಡಿ, ‘ಈ ಎಂ00 ಯಾಕೆ ಸಾರ್, ಸುಮ್ಮನೆ ಟೈಮ್ ವೇಸ್ಟು’ ಎಂದು ಅಳಿಸಿದ. ‘ರಾತ್ರಿ’ ಮತ್ತು ‘ಬೆಳಿಗ್ಗೆ’ಗಳನ್ನು ಒಂದು ಮಾಡಿದ. ಆ ವಾರ ನಮ್ಮ ಷೆಡ್ಡಿನಲ್ಲಿ ಟ್ಯಾಪುಗಳೂ ಮುರಿದವು, ಹಪ್ಪಳಗಳೂ ಸಿದ್ಧವಾದವು. ಹುಡುಗನನ್ನು ಬೈಯಲು ಮನಸ್ಸಾಗಲಿಲ್ಲ. ಟೆಂಪ್ಲೇಟಿನಲ್ಲಿ ಕ್ರಮ ಇತ್ತು, ಕಾರಣ ಇರಲಿಲ್ಲ. ಕಾರಣ ಕ್ಯಾಲೆಂಡರಿನ ಹಾಳೆಯಲ್ಲೂ ಇರಲಿಲ್ಲ. ಅದು ಮೇಷ್ಟ್ರ ಗೊಣಗಾಟದಲ್ಲಿತ್ತು, ಅದನ್ನು ನಾವು ಯಾರೂ ಸೇವ್ ಮಾಡಿರಲಿಲ್ಲ.

ಈಗ ಆ ಹುಡುಗನೇ ಒಂದೊಂದು ಆಪರೇಷನ್ನಿನ ಕೆಳಗೂ ಯಾಕೆಂದು ಬರೆಯುತ್ತಿದ್ದಾನೆ, ನನಗೆ ಗೊತ್ತಿಲ್ಲದ್ದನ್ನು ಮೇಷ್ಟ್ರಿಗೆ ಫೋನು ಮಾಡಿ ಕೇಳುತ್ತೇವೆ. ಫೋನಿನಲ್ಲೂ ಗೊಣಗುತ್ತಾರೆ, ಸ್ಪೀಕರಿಗೆ ಹಾಕಿ ಕೇಳಿಸಿಕೊಳ್ಳುತ್ತೇವೆ. ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಇದನ್ನು ಓದುತ್ತಿರುವ ಪ್ರೋಗ್ರಾಮರ್ ಮಹಾಶಯರೇ, ನಿಮ್ಮ ಫೋರ್‌ಮನ್ ಇನ್ನೂ ಕೆಲಸದಲ್ಲಿದ್ದರೆ ಇವತ್ತೇ ಟೀ ಕುಡಿಸಿ ಕೇಳಿಕೊಳ್ಳಿ. ಟ್ಯಾಪಿಗೆ ಮುಂಚೆ ಎಂ00 ಕಂಡರೆ ಅಳಿಸಬೇಡಿ. ಒಂದಿಷ್ಟು ಹೊತ್ತು ಹೋದರೆ ಹೋಗಲಿ, ಗಾಳಿ ಹೊಡೆಸಿ.